ಪೂಜೆಯ ಪೀಸಿಗೆ ಟೇಪು ಹಚ್ಚುವುದಿಲ್ಲ

ಸ್ಪಾಟ್ ವೆಲ್ಡ್ ಬಿಡಿಸುವ ಕೆಲಸ ಶತ್ರುವಿಗೂ ಬೇಡ. ಎರಡು ತಗಡುಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿಂದ ಒಂದು, ಕೆಳಗಿಂದ ಒಂದು ತಾಮ್ರದ ಕಡ್ಡಿ ಒತ್ತಿ, ಕಣ್ಣು ಪಿಳುಕಿಸುವಷ್ಟರಲ್ಲಿ ಕರೆಂಟು ಹರಿಸಿದರೆ ನಡುವೆ ತೊಗರಿಬೇಳೆಯಷ್ಟು ಕಬ್ಬಿಣ ಕರಗಿ ಎರಡೂ ಒಂದಾಗುತ್ತವೆ. ಕೂಡಿಸಲು ಅರ್ಧ ಸೆಕೆಂಡು ಸಾಕು. ಬಿಡಿಸುವಾಗ ಆ ಬೇಳೆ ಎಲ್ಲಿದೆ, ಎಷ್ಟು ದಪ್ಪ, ಎಲ್ಲಿಗೆ ನಿಲ್ಲಬೇಕು ಎಂಬುದು ಕೈಗೆ ಗೊತ್ತಿರಬೇಕು. ಗೊತ್ತಿಲ್ಲದವರೇ ಈ ವಿಷಯದಲ್ಲಿ ಹೆಚ್ಚು ಮಾತಾಡುತ್ತಾರೆ. ನಮ್ಮ ಫ್ಯಾಕ್ಟರಿಯಲ್ಲಿ ಅಂಥವರಿಗೆ ಕೊರತೆಯಿರಲಿಲ್ಲ.

ನಾನು ಸನತ್‌ನಗರದ ಒಂದು ಸಣ್ಣ ಶೀಟ್ ಮೆಟಲ್ ಫ್ಯಾಕ್ಟರಿಯಲ್ಲಿ ಫೋರ್‌ಮನ್. ಮಾಲಕರು ವಿಜಯಪುರದ ಕಡೆಯವರು. ಹಾಗಾಗಿ ಶೆಡ್ಡಿನೊಳಗೆ ಕನ್ನಡ ನಡೆಯುತ್ತದೆ, ಗೇಟು ದಾಟಿದ ಕೂಡಲೇ ಎಲ್ಲರ ನಾಲಿಗೆಯೂ ತೆಲುಗಿಗೋ ಹಿಂದಿಗೋ ಹೊರಳುತ್ತದೆ. ಮಾಲಕರ ಮಗ ನಮ್ಮ ಮ್ಯಾನೇಜರು. ಅವನನ್ನು ಎಲ್ಲರೂ ಚಿಕ್ಕ ಮಾಲಕ ಎನ್ನುತ್ತಿದ್ದರು. ಅವನಿಗೆ ತಗಡಿಗಿಂತ ತಗಡಿನ ಫೋಟೋ ಚೆನ್ನಾಗಿ ಅರ್ಥವಾಗುತ್ತಿತ್ತು.

ಆ ಸಲ ಬಂದದ್ದು ನಲವತ್ತೆಂಟು ವಿದ್ಯುತ್ ಪೆಟ್ಟಿಗೆಗಳ ಆರ್ಡರು. ನೀರಿನ ಪಂಪುಗಳ ಪಕ್ಕದಲ್ಲಿ, ಬಯಲಿನಲ್ಲಿ, ಮಳೆ ಬಿಸಿಲಿಗೆ ನಿಲ್ಲುವ ಪೆಟ್ಟಿಗೆಗಳು. ಹೊರಗಿನ ತಗಡು ಸತು ಲೇಪಿಸಿದ್ದು, ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪ. ಒಳಗೆ ಎರಡು ಮಿಲಿಮೀಟರಿನ ನಾಲ್ಕು ಬ್ರಾಕೆಟ್‌ಗಳು, ಒಂದೊಂದಕ್ಕೆ ಆರು ಸ್ಪಾಟು. ಈ ಬ್ರಾಕೆಟ್‌ಗಳ ಮೇಲೆಯೇ ಒಳಗಿನ ಬ್ರೇಕರು, ಸ್ವಿಚ್ಚು ಎಲ್ಲವೂ ಕೂಡುತ್ತವೆ. ಬೆಸೆಯುವವರು ನಮ್ಮ ಸ್ಪಾಟ್ ಅಕ್ಕ. ಐವತ್ತರ ಹತ್ತಿರದ ಹೆಂಗಸು, ವಿಜಯಪುರ ಜಿಲ್ಲೆಯ ಇಂಡಿ ತಾಲೂಕಿನವರು, ಹದಿನಾಲ್ಕು ವರ್ಷದಿಂದ ಅದೇ ಮಷೀನಿನ ಮುಂದೆ ಅದೇ ಸ್ಟೂಲಿನ ಮೇಲೆ ಕೂತವರು. ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದ ನೆನಪಿಲ್ಲ.

ನಮ್ಮಲ್ಲಿ ಆಯುಧ ಪೂಜೆಯ ದಿನ ಒಂದು ಪದ್ಧತಿ ಇದೆ. ಮಷೀನುಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಕುಂಬಳಕಾಯಿ ಒಡೆದ ಮೇಲೆ, ಮುಂದಿನ ಆರ್ಡರಿನ ಒಂದು ಪೀಸನ್ನು ಮುಹೂರ್ತಕ್ಕೆ ಸರಿಯಾಗಿ ಮಾಡಿ ದೇವರ ಫೋಟೋ ಮುಂದೆ ಇಡುತ್ತೇವೆ. ಫೋರ್‌ಮನ್ ಅದರ ಒಳಗೆ ಮಾರ್ಕರಿನಿಂದ ಓಕೆ ಎಂದು ಬರೆದು ಸಹಿ ಮಾಡಬೇಕು. ಆ ಪೀಸಿಗೆ ಯಾರೂ ಟೇಪು ಹಚ್ಚುವುದಿಲ್ಲ. ದೇವರ ಮುಂದಿಟ್ಟದ್ದನ್ನು ಅಳೆಯುವುದೆಂದರೆ ದೇವರ ಮೇಲೇ ಅನುಮಾನ ಪಟ್ಟಂತೆ ಎಂಬುದು ಹಿರಿಯ ಮಾಲಕರ ನಂಬಿಕೆ. ನನಗೆ ಅಂಥ ನಂಬಿಕೆಯೇನೂ ಇರಲಿಲ್ಲ. ಅಳೆಯದೆ ಕೆಲಸ ಸಾಗುವುದಾದರೆ ಯಾರಿಗೆ ಬೇಡ?

ಪೂಜೆಯ ಹಿಂದಿನ ಸಂಜೆ ಕೊಂಡಾಪುರದಲ್ಲಿರುವ ಗಿರಾಕಿಯ ಆಫೀಸಿನಿಂದ ತಿದ್ದಿದ ಡ್ರಾಯಿಂಗು ಬಂತು. ಬ್ರೇಕರು ದೊಡ್ಡದಾಗಿದೆ, ಹಾಗಾಗಿ ಬ್ರಾಕೆಟ್‌ಗಳು ನಲವತ್ತು ಮಿಲಿಮೀಟರು ಕೆಳಗೆ ಬರಬೇಕು. ನಾನು ಅದನ್ನು ಪ್ರಿಂಟು ತೆಗೆದು, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡೆ. ಮರುದಿನ ಪೂಜೆಗೆಂದು ಹೊಸ ಅಂಗಿ ತೊಟ್ಟು ಬಂದೆ. ಡ್ರಾಯಿಂಗು ಹಳೆಯ ಅಂಗಿಯ ಜೊತೆ ಮನೆಯಲ್ಲೇ ಉಳಿಯಿತು. ಮುಹೂರ್ತಕ್ಕೆ ಹತ್ತು ನಿಮಿಷವಿತ್ತು, ಗೋಡೆಯ ಮೇಲೆ ಹಳೆಯ ಡ್ರಾಯಿಂಗು ಇತ್ತು. ಪೂಜೆಗೆ ಇಡುವ ಪೀಸು ತಾನೇ, ನಡೆಯುತ್ತದೆ ಎಂದು ಅದರ ಪ್ರಕಾರವೇ ಗುರುತು ಹಾಕಿಕೊಟ್ಟೆ.

ಸ್ಪಾಟ್ ಅಕ್ಕ ಪೆಡಲಿನ ಮೇಲೆ ಕಾಲಿಟ್ಟವರು ತಡೆದರು. "ನಿನ್ನಿ ಹೊಸಾ ಡ್ರಾಯಿಂಗ್ ಬಂದೈತಿ ಅಂದಿದ್ರಲ್ರಿ ಮಾಸ್ತರ. ಬ್ರಾಕೆಟ್ ಇಲ್ಲೇ ಬರ್ತೈತೇನ್ರಿ?"

"ನಿನಗ ಡ್ರಾಯಿಂಗ್ ಓದಾಕ ಬರ್ತೈತೇನು? ಪೆಡಲ್ ಒತ್ತು, ಮುಹೂರ್ತ ಮೀರಾಕತ್ತೈತಿ" ಎಂದೆ. ಸುತ್ತ ನಿಂತವರು ನಕ್ಕರು. ಆಕೆ ಪೆಡಲ್ ಒತ್ತಿದರು. ನಾನು ಸಹಿ ಮಾಡಿದೆ. ಚಿಕ್ಕ ಮಾಲಕ ಫೋಟೋ ತೆಗೆದ.

ರಜೆ ಮುಗಿದ ಮೇಲೆ ಹೊಸ ಡ್ರಾಯಿಂಗನ್ನು ತಂದು ಗೋಡೆಗೆ ಅಂಟಿಸಿದೆ. ಅಂಟಿಸಿದೆ ಅಷ್ಟೆ, ಮತ್ತೆ ಓದಲಿಲ್ಲ. ಪೂಜೆಯ ಪೀಸು ಹಳೆಯದರ ಪ್ರಕಾರ ಆದದ್ದೆಂಬುದನ್ನು ರಜೆಯಲ್ಲಿ ಮರೆತೇಬಿಟ್ಟಿದ್ದೆ. ಪ್ರತಿ ಪೆಟ್ಟಿಗೆಯಲ್ಲೂ ಬ್ರಾಕೆಟ್ಟನ್ನು ಒಂದೇ ಜಾಗಕ್ಕೆ ಹಿಡಿಯುವ ಚೌಕಟ್ಟಿಗೆ ಜಿಗ್ಗು ಎನ್ನುತ್ತೇವೆ. ಅದರ ತಡೆಯನ್ನು ಹೊಂದಿಸಲು ಪೂಜೆಯ ಪೀಸನ್ನೇ ತಂದು ಅದಕ್ಕೆ ಆನಿಸಿ ಬೋಲ್ಟು ಬಿಗಿದೆ. ಹದಿನೈದು ವರ್ಷದಿಂದ ಹಾಗೆಯೇ ಮಾಡಿಕೊಂಡು ಬಂದಿದ್ದೆ. ನಲವತ್ತೆಂಟು ಪೆಟ್ಟಿಗೆಗಳೂ ಒಂದೇ ಅಚ್ಚಿನಲ್ಲಿ ಹೊರಬಿದ್ದವು. ಎಲ್ಲವೂ ಒಂದೇ ರೀತಿ ತಪ್ಪಾಗಿದ್ದವು.

ಸೋಮವಾರ ಬೆಳಿಗ್ಗೆ ಗಿರಾಕಿಯ ಕಡೆಯ ಇಂಜಿನಿಯರು ತಪಾಸಣೆಗೆ ಬಂದ. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಕೈಯಲ್ಲಿ ಲ್ಯಾಪ್‌ಟಾಪು. ತಗಡನ್ನು ಮುಟ್ಟುವಾಗ ಬಿಸಿ ಹಾಲಿನ ಪಾತ್ರೆ ಮುಟ್ಟಿದವನಂತೆ ಬೆರಳು ಹಿಂದೆಳೆಯುತ್ತಿದ್ದ. ಇವನೇನು ನೋಡಿಯಾನು ಎಂದುಕೊಂಡೆ. ಅವನು ಚೀಲದಿಂದ ಒಂದು ಬ್ರೇಕರು ತೆಗೆದು ಬ್ರಾಕೆಟ್ಟಿಗೆ ಕೂರಿಸಿ ಹಿಡಿಕೆ ಎತ್ತಿದ. ಹಿಡಿಕೆ ಪೆಟ್ಟಿಗೆಯ ಮೇಲಂಚಿಗೆ ಬಡಿದು ಅರ್ಧಕ್ಕೇ ನಿಂತಿತು. ಇನ್ನೊಂದು ಪೆಟ್ಟಿಗೆ, ಮತ್ತೊಂದು ಪೆಟ್ಟಿಗೆ. ಎಲ್ಲದರಲ್ಲೂ ಅದೇ ಟಕ್ ಸದ್ದು. ಟೇಪು ಹಿಡಿದು ನೋಡಿ ನಲವತ್ತು ಎಂದ. ಬಣ್ಣ ಹಚ್ಚುವ ಮುಂಚೆ ನೋಡಿದ್ದು ಒಳ್ಳೆಯದಾಯಿತು ಎಂದು ತೆಲುಗಿನಲ್ಲಿ ಸಮಾಧಾನ ಬೇರೆ ಹೇಳಿದ. ಹನ್ನೆರಡು ದಿನದೊಳಗೆ ಸರಿಮಾಡಿ ಕೊಡಿ, ಯಾಕೆ ಹೀಗಾಯಿತೆಂದು ಕಾಗದವನ್ನೂ ಕೊಡಿ ಎಂದ.

ಚಿಕ್ಕ ಮಾಲಕ ಅವನನ್ನು ಚಹಾಕ್ಕೆ ಕರೆದುಕೊಂಡು ಹೋದ. ನಾನು ಜಿಗ್ಗಿನ ಹತ್ತಿರ ಹೋಗಿ ತಡೆಯ ಬೋಲ್ಟು ಸಡಿಲಿಸಿ, ಅದನ್ನು ಸರಿಯಾಗಿ ನಲವತ್ತು ಮಿಲಿಮೀಟರು ಕೆಳಗೆ ಜಾರಿಸಿ ಬಿಗಿದೆ. ಹೇಗೂ ತಿದ್ದಲೇಬೇಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಸ್ಪಾಟ್ ಅಕ್ಕ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದರು.

ಹತ್ತು ನಿಮಿಷಕ್ಕೆ ಚಿಕ್ಕ ಮಾಲಕ ತಿರುಗಿ ಬಂದ. ಗೋಡೆಯ ಮೇಲಿನ ಹೊಸ ಡ್ರಾಯಿಂಗು ನೋಡಿದ, ಜಿಗ್ಗಿಗೆ ಟೇಪು ಹಿಡಿದ. "ಮಾಸ್ಟರ್, ಡ್ರಾಯಿಂಗ್ ಬರಾಬರ್ ಐತಿ, ಜಿಗ್ ಭೀ ಬರಾಬರ್ ಐತಿ. ಅಂದ್ರ ಇದು ಆಪರೇಟರ್ ಮಿಸ್ಟೇಕೇ ಅಲ್ಲ?"

ಇಂಥ ಪತ್ತೇದಾರನಿಗೆ ಏನು ಹೇಳಬೇಕು? ಜಿಗ್ಗಿನ ಬೋಲ್ಟಿನ ಸುತ್ತ ಹೊಸದಾಗಿ ಮಿಂಚುತ್ತಿದ್ದ ಗೀರು ಅವನ ಕಣ್ಣಿಗೆ ಬೀಳಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವವನು. ಹೀಗೆಲ್ಲ ಮನಸ್ಸಿನಲ್ಲೇ ಅವನನ್ನು ಹೀಗಳೆಯುತ್ತ ನಿಂತೆ. ಬಾಯಿ ಮಾತ್ರ ತೆರೆಯಲಿಲ್ಲ. ಅವನು ಸ್ಪಾಟ್ ಅಕ್ಕನ ಕಡೆ ತಿರುಗಿ, "ಪೆಟ್ಟಿಗಿ ರಿಪೇರಿ ಮುಗಿಯೋತನಕ ಇರ್ರಿ. ಆಮ್ಯಾಲ ಬ್ಯಾಡ" ಎಂದ. ಆಕೆ ಅವನನ್ನು ನೋಡಲಿಲ್ಲ, ನನ್ನನ್ನು ನೋಡಿದರು. ನಾನು ಪೆಟ್ಟಿಗೆಗಳನ್ನು ಎಣಿಸತೊಡಗಿದೆ.

ಬಿಡಿಸಬೇಕಾದ ಸ್ಪಾಟುಗಳು ಒಟ್ಟು ಸಾವಿರದ ನೂರೈವತ್ತೆರಡು. ಚಿಕ್ಕ ಮಾಲಕ ಮಂಗಳವಾರ ಒಬ್ಬ ಕಾಂಟ್ರಾಕ್ಟರನನ್ನು ಕರೆತಂದ. ಅವನು ಎರಡು ಗ್ರೈಂಡರು ತಂದಿದ್ದ, ಗಾಂಭೀರ್ಯ ಅದಕ್ಕಿಂತ ಹೆಚ್ಚು ತಂದಿದ್ದ. "ಒಕ್ಕ ರೋಜು ಪನಿ ಸಾರ್" ಎಂದ, ಒಂದೇ ದಿನದ ಕೆಲಸವಂತೆ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತುವ ಜಾತಿ ಅದು. ಬ್ರಾಕೆಟ್ಟನ್ನು ಉಜ್ಜಿ ಉಜ್ಜಿ ಸುಡುವಂತೆ ಕಾಯಿಸಿದ, ಆಮೇಲೆ ಉಳಿ ಕೊಟ್ಟು ಸುತ್ತಿಗೆಯಿಂದ ಹೊಡೆದ. ಬ್ರಾಕೆಟ್ ಬಂತು, ಜೊತೆಗೆ ಹೊರಗಿನ ತಗಡಿನ ಎರಡು ಚೂರೂ ಬಂದವು. ಶಾಖಕ್ಕೆ ಪಕ್ಕದ ಗೋಡೆ ಹಪ್ಪಳದಂತೆ ಉಬ್ಬಿತು. ಬೆರಳಿನಿಂದ ಒತ್ತಿದರೆ ಒಳಗೆ ಹೋಗಿ ಟಪ್ ಎಂದು ಮತ್ತೆ ಹೊರಗೆ ಬರುತ್ತಿತ್ತು. ಮಧ್ಯಾಹ್ನದೊಳಗೆ ಎರಡು ಪೆಟ್ಟಿಗೆ ಗುಜರಿಗೆ ಹೋದವು. ನಾನು ಅವನ ಗ್ರೈಂಡರಿನ ಪ್ಲಗ್ಗು ಕಿತ್ತು ಅವನ ಕೈಗೇ ಕೊಟ್ಟು ಗೇಟು ತೋರಿಸಿದೆ.

ಚಿಕ್ಕ ಮಾಲಕನ ಎರಡನೆಯ ಉಪಾಯ ಇನ್ನೂ ಘನವಾದದ್ದು. ಹೊರಗಿನಿಂದಲೇ ಡ್ರಿಲ್ ಹೊಡೆದು ಸ್ಪಾಟು ತೆಗೆದು, ತೂತಿಗೆ ಪುಟ್ಟಿ ತುಂಬಿ, ಮೇಲೆ ಬಣ್ಣ ಬಳಿಯುವುದು. "ಹೊರಗಿಂದ ಕೈ ಈಸಿ ಹೋಗ್ತೈತಲ್ಲ ಮಾಸ್ಟರ್?" ಎಂದ. ಕೈ ಈಸಿ ಹೋಗುತ್ತದೆ, ನಿಜ. ಒಂದು ಪೆಟ್ಟಿಗೆಗೆ ಇಪ್ಪತ್ತನಾಲ್ಕು ತೂತು. ಪುಟ್ಟಿ ಒಂದು ಬೇಸಿಗೆಗೆ ಬಿರಿಯುತ್ತದೆ, ಮುಂದಿನ ಮಳೆಗೆ ನೀರು ಒಳಗಿಳಿಯುತ್ತದೆ. ಒಳಗೆ ಕರೆಂಟು ಇರುತ್ತದೆ, ಒದ್ದೆ ಕೈಯಲ್ಲಿ ಪಂಪು ಹಚ್ಚಲು ಒಬ್ಬ ಮನುಷ್ಯ ಬರುತ್ತಾನೆ. ಪುಟ್ಟಿ ಮೆತ್ತುವವನನ್ನು ನಾನು ತಗಡಿನ ಕೆಲಸಗಾರ ಎನ್ನುವುದೇ ಇಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ. ಸುರಕ್ಷತೆಯ ಬಗ್ಗೆ ಅಷ್ಟು ಚೆಂದದ ಭಾಷಣ ನಾನು ಎಂದೂ ಮಾಡಿರಲಿಲ್ಲ. ಭಾಷಣದುದ್ದಕ್ಕೂ ನನ್ನ ಹಿಂದೆ ಆ ಹೆಂಗಸು ಸ್ಟೂಲಿನ ಮೇಲೆ ಕೂತಿದ್ದರು.

ಸರಿಯಾದ ದಾರಿ ಒಂದೇ, ಒಳಗಿನಿಂದ ಕೊರೆಯುವುದು. ಬ್ರಾಕೆಟ್ ಹೇಗೂ ಗುಜರಿ, ಅದರಲ್ಲಿ ಎಷ್ಟು ತೂತಾದರೂ ಚಿಂತೆಯಿಲ್ಲ. ಹೊರಗಿನ ತಗಡಿಗೆ ಮಾತ್ರ ಡ್ರಿಲ್ಲಿನ ಕೊರೆಯುವ ಬಿಟ್ಟು ತಾಗಬಾರದು. ಆದರೆ ಪೆಟ್ಟಿಗೆಯ ಒಳಗಿನ ಅಗಲ ಒಂದೂವರೆ ಗೇಣು. ಸ್ಪಾಟ್ ಮಷೀನಿನ ಉದ್ದ ತೋಳುಗಳು ಒಳಗೆ ಹೋಗುತ್ತವೆ, ಡ್ರಿಲ್ ಮಷೀನು ಅಡ್ಡ ಹಿಡಿದರೆ ಹೋಗುವುದಿಲ್ಲ. ಸ್ಟೋರಿನ ಮೂಲೆಯಲ್ಲಿ ಕತ್ತು ಬಾಗಿದ, ಗಾಳಿಯಿಂದ ಓಡುವ ಹಳೆಯ ಡ್ರಿಲ್ ಒಂದಿತ್ತು. ಅದನ್ನು ತೊಳೆದು ಎಣ್ಣೆ ಹಾಕಿ ಬದುಕಿಸಿದೆ. ಚಿಕ್ಕ ಮಾಲಕ ಫೋನಿನಲ್ಲಿ ನೋಡಿ ಸ್ಪಾಟ್ ತೆಗೆಯುವ ಕಟರುಗಳನ್ನು ತರಿಸಿದ್ದ, ಬಂಗಾರದ ಬಣ್ಣದವು. ನಾಲ್ಕನೇ ಸ್ಪಾಟಿಗೇ ಅವುಗಳ ಹಲ್ಲು ಉದುರಿದವು. ನಾನು ರಾಣಿಗಂಜಿನ ಪೇಟೆಗೆ ಹೋಗಿ ಸಾದಾ ಎಂಟು ಮಿಲಿಮೀಟರಿನ ಗಟ್ಟಿ ಬಿಟ್ಟುಗಳನ್ನು ತಂದು, ಅರ್ಧಕ್ಕೆ ಕತ್ತರಿಸಿ, ತುದಿಯನ್ನು ಚಪ್ಪಟೆಯಾಗಿ ಸಾಣೆ ಹಿಡಿದು, ನಡುವೆ ಸಣ್ಣದೊಂದು ಮೊನೆ ಉಳಿಸಿಕೊಂಡೆ. ಮಾಮೂಲಿ ಬಿಟ್ಟಿನ ಚೂಪು ತುದಿ ಮೇಲಿನ ತಗಡು ಪೂರ್ತಿ ಕೊರೆಯುವ ಮುಂಚೆಯೇ ಕೆಳಗಿನದನ್ನು ಚುಚ್ಚುತ್ತದೆ. ಚಪ್ಪಟೆ ತುದಿಯದು ಪದರ ಪದರವಾಗಿ ಇಳಿಯುತ್ತದೆ. ಎರಡು ಮಿಲಿಮೀಟರಿಗಿಂತ ಕೂದಲೆಳೆಯಷ್ಟೇ ಹೆಚ್ಚು ಇಳಿಯುವಂತೆ ಬಿಟ್ಟಿಗೆ ಹಿತ್ತಾಳೆಯ ಉಂಗುರ ತೊಡಿಸಿದೆ.

ಬುಧವಾರ ಕೆಲಸ ಹಿಡಿಯಿತು. ಸ್ಪಾಟಿನ ಗುಳಿಯ ನಟ್ಟನಡುವೆ ಪಂಚು ಹೊಡೆಯಬೇಕು. ಒಂದು ತೊಟ್ಟು ಎಣ್ಣೆ ಬಿಟ್ಟು ನಿಧಾನವಾಗಿ ಕೊರೆಯಬೇಕು. ಜೋರಾಗಿ ಓಡಿಸಿದರೆ ಬಿಟ್ಟು ನೀಲಿಯಾಗುತ್ತದೆ, ಬೆಸುಗೆ ಇನ್ನೂ ಗಟ್ಟಿಯಾಗುತ್ತದೆ. ತೂತಿನ ತಳದ ಅಂಚಿನಲ್ಲಿ ಕಪ್ಪು ಗೆರೆಯೊಂದು ಉಂಗುರದಂತೆ ಕಾಣಿಸಿದರೆ ಅದೇ ಎರಡು ತಗಡುಗಳ ಸಂದು, ಅಲ್ಲಿಗೆ ನಿಲ್ಲಬೇಕು. ಆಮೇಲೆ ತೆಳ್ಳಗೆ ಅರೆದ ಗರಗಸದ ಅಲಗನ್ನು ಸಂದಿಗೆ ತೂರಿಸಿ ತಿರುವಿದರೆ ಟಿಕ್ ಎಂದು ಬಿಡುತ್ತದೆ. ಬಿಡದಿದ್ದರೆ ಬಲ ಹಾಕುವಂತಿಲ್ಲ. ಉಳಿದ ಗಂಟನ್ನು ಚಿಕ್ಕ ಎಮರಿ ಚಕ್ರದಿಂದ ಸಮ ಮಾಡಿ ಸತುವಿನ ಬಣ್ಣ ಹಚ್ಚಬೇಕು. ನಾನು ಕೊರೆಯುವುದು, ಸ್ಪಾಟ್ ಅಕ್ಕ ಮುಂದೆ ಮುಂದೆ ಸೀಮೆಸುಣ್ಣದಿಂದ ನಡುಬಿಂದು ಗುರುತಿಸುವುದು, ಹಿಂದೆ ಅಲಗು ಹಾಕುವುದು. ಅವರ ಗುರುತು ಒಂದೂ ತಪ್ಪಲಿಲ್ಲ. ಗುರುವಾರ ಮಧ್ಯಾಹ್ನಕ್ಕೆ ಇಪ್ಪತ್ತೆಂಟು ಪೆಟ್ಟಿಗೆ ಮುಗಿದವು. ನನಗೆ ನನ್ನ ಮೇಲೆಯೇ ಬಹಳ ಪ್ರೀತಿ ಬಂತು.

ಇಪ್ಪತ್ತೊಂಬತ್ತನೆಯದರಿಂದ ತೊಂದರೆ ಶುರುವಾಯಿತು. ಕಪ್ಪು ಗೆರೆಯೇ ಕಾಣದು. ಅಲಗು ಹಾಕಿದರೆ ಬ್ರಾಕೆಟ್ ಮಿಸುಕದು. ಬಲ ಹಾಕಬಾರದೆಂದು ಊರಿಗೆಲ್ಲ ಹೇಳುವ ನಾನು ಸುತ್ತಿಗೆ ಎತ್ತಿದೆ. ಹೊರಗಿನ ತಗಡು ಚರ್ರೆಂದು ಹರಿಯಿತು. ಮುಂದಿನ ಪೆಟ್ಟಿಗೆಯಲ್ಲಿ ಉಂಗುರ ಸರಿಸಿ ಆಳಕ್ಕೆ ಕೊರೆದೆ, ಬಿಟ್ಟು ಹೊರಗೇ ಬಂತು. ಅದರ ಮುಂದಿನದರಲ್ಲೂ ಅದೇ. ಮೂರು ಪೆಟ್ಟಿಗೆ ಹಾಳುಮಾಡಿ, ಎಂಥ ಸ್ಪಾಟು ಹೊಡೆದಿದ್ದಾರೆ ನೋಡಿ ಎಂದು ಗೊಣಗಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸ್ಪಾಟ್ ಅಕ್ಕ ಸೀಮೆಸುಣ್ಣ ಕೆಳಗಿಟ್ಟರು. "ಇಪ್ಪತ್ತೆಂಟು ಆದಮ್ಯಾಲ ತಾಮ್ರದ ಕಡ್ಡಿ ಟಿಪ್ಪು ಬಡದು ಬಡದು ಅಗಲ ಆಗಿತ್ರಿ. ಅರ ಹಚ್ಚಿ ಸಣ್ಣ ಮಾಡಬೇಕು ಅಂದೆ. ಟೈಮಿಲ್ಲ ಅಂತ ನೀವು ಕರೆಂಟು ಏರಿಸಿದ್ರಿ. ಇಲ್ಲಿಂದ ಮುಂದ ಗಂಟು ದೊಡ್ಡದೈತ್ರಿ. ಎಂಟರ ಬಿಟ್ಟು ನಡುವ ಕೊರೀತೈತಿ, ಸುತ್ತಲಿಂದು ಹಂಗೇ ಉಳೀತೈತಿ. ಹತ್ತರದು ಹಾಕ್ರಿ."

"ಮೊದ್ಲ ಹೇಳಾಕ ಏನಾಗಿತ್ತು?"

"ಕೇಳಿದ್ರ ಹೇಳತಿದ್ದೆ."

ಹತ್ತರ ಬಿಟ್ಟು ಹಾಕಿದೆ. ಗೆರೆ ಕಂಡಿತು. ಟಿಕ್ ಎಂದು ಬಿಟ್ಟಿತು. ನಲವತ್ತೆಂಟು ಪೆಟ್ಟಿಗೆಗಳಲ್ಲಿ ಯಾವುದರ ಸ್ಪಾಟು ಹೇಗಿದೆ ಎಂದು ಬರೆದಿಡದೆ ನೆನಪಿಟ್ಟುಕೊಂಡ ಒಬ್ಬರೇ ಒಬ್ಬರು ಆ ಶೆಡ್ಡಿನಲ್ಲಿದ್ದರು. ಅವರನ್ನೇ ಹೊರಗೆ ಹಾಕುವುದೆಂದು ತೀರ್ಮಾನವಾಗಿತ್ತು. ಆ ತೀರ್ಮಾನದ ಅಡಿಪಾಯ ಜಿಗ್ಗಿನ ಬೋಲ್ಟು ಸಡಿಲಿಸಿದ ನನ್ನ ಸ್ಪ್ಯಾನರಿನದು.

ಸಂಜೆ ಕೈ ತೊಳೆಯುವಾಗ ಆಕೆ ಕೇಳಿದರು. "ಮಾಸ್ತರ, ತೆಗದು ಹಾಕೂದಾದ್ರ ಯಾವ ತಾರೀಖಿಂದ ತೆಗೀತಾರಂತ್ರಿ?"

"ಯಾಕ?"

"ನಮ್ಮ ಮನಿಯವರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ಐತ್ರಿ. ನನ್ನ ಇಎಸ್ಐ ಕಾರ್ಡಿನ ಮ್ಯಾಲ ನಡೀತೈತಿ. ನನ್ನ ನೌಕರಿ ಹೋದ್ರ ಕಾರ್ಡೂ ಹೋಗ್ತೈತಿ. ತಾರೀಖು ಗೊತ್ತಾದ್ರ ಮೊದಲೇ ಏನರ ನೋಡ್ಕೊಬಹುದು ಅಂತ ಕೇಳಿದೆ."

ಅಳು ಇರಲಿಲ್ಲ, ಬೇಡಿಕೆ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳುವ ದನಿ. "ನೋಡೋಣ" ಎಂದೆ. ಕನ್ನಡದಲ್ಲಿ ನೋಡೋಣ ಎಂಬಷ್ಟು ಹೇಡಿ ಮಾತು ಇನ್ನೊಂದಿಲ್ಲ. ಆ ರಾತ್ರಿ ಚಿಕ್ಕ ಮಾಲಕ, ಕಾಂಟ್ರಾಕ್ಟರ, ಇಂಜಿನಿಯರು, ಒಬ್ಬೊಬ್ಬರನ್ನಾಗಿ ನೆನೆದು ಬೈಯಲು ನೋಡಿದೆ. ಯಾರ ಮೇಲೂ ಸಿಟ್ಟು ನಿಲ್ಲಲಿಲ್ಲ. ತಿರುಗಿ ತಿರುಗಿ ಆ ಬೋಲ್ಟಿನ ಹತ್ತಿರವೇ ಬಂದು ನಿಲ್ಲುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಚಿಕ್ಕ ಮಾಲಕ ಒಂದು ಕಾಗದ ತಂದ. ಗಿರಾಕಿಗೆ ಕೊಡುವ ವಿವರಣೆ, ಇಂಗ್ಲಿಷಿನಲ್ಲಿ ಚೆನ್ನಾಗಿ ಟೈಪು ಮಾಡಿದ್ದ. ಕಾರಣ, ಆಪರೇಟರಿನ ಅಜಾಗರೂಕತೆ. ಕ್ರಮ, ಸದರಿ ಆಪರೇಟರನ್ನು ಕೆಲಸದಿಂದ ತೆಗೆಯಲಾಗಿದೆ. ಕೆಳಗೆ ಫೋರ್‌ಮನ್ ಸಹಿಗೆ ಜಾಗ. ಅದರಲ್ಲಿ ಆಕೆಯ ಪೂರ್ತಿ ಹೆಸರಿತ್ತು. ನಾನು ಆ ಹೆಸರನ್ನು ಎರಡು ಸಲ ಓದಿದೆ.

ಪೆನ್ನು ಬೆಂಚಿನ ಮೇಲಿಟ್ಟು ದೇವರ ಮೂಲೆಗೆ ಹೋದೆ. ಒಣಗಿದ ಹಾರ ಸರಿಸಿ ಪೂಜೆಯ ಪೀಸನ್ನು ಎತ್ತಿಕೊಂಡೆ. "ಅರೆ ಮಾಸ್ಟರ್, ಪೂಜಾ ಪೀಸ್ ಯಾಕ ಮುಟ್ಟಾಕತ್ತೀರಿ? ಪಪ್ಪಾ ನೋಡಿದ್ರ..." ಎಂದು ಚಿಕ್ಕ ಮಾಲಕ ಹಿಂದೆ ಬಂದ. ನಾನು ಅದನ್ನು ಶೆಡ್ಡಿನ ನಡುವಿನ ಟೇಬಲ್ಲಿನ ಮೇಲಿಟ್ಟು ಟೇಪು ಹಚ್ಚಿದೆ. ಬ್ರಾಕೆಟ್ ಹಳೆಯ ಜಾಗದಲ್ಲಿತ್ತು. ಒಳಗೆ ಕುಂಕುಮದ ಕೆಳಗೆ ಓಕೆ ಎಂದಿತ್ತು, ಅದರ ಕೆಳಗೆ ನನ್ನ ಸಹಿ, ತಾರೀಖಿನ ಸಮೇತ.

"ಜಿಗ್ ಇದರಿಂದಾನೇ ಕೂರಿಸಿದ್ದು. ಕೂರಿಸಿದಾಂವ ನಾನು. ಸೋಮವಾರ ನೀವು ಚಹಾಕ್ಕ ಹೋದಾಗ ನಲವತ್ತು ಮಿಲಿಮೀಟರ್ ಸರಿಸಿದಾಂವನೂ ನಾನೇ" ಎಂದೆ. ಸ್ಪಾಟ್ ಅಕ್ಕ ಮೂವತ್ತನಾಲ್ಕನೇ ಪೆಟ್ಟಿಗೆಗೆ ಅಲಗು ಹಾಕುತ್ತಿದ್ದರು. ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಹಿರಿಯ ಮಾಲಕರು ನನ್ನನ್ನು ಒಳಗೆ ಕರೆದರು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಅವರ ಮೇಲೆ ಗೌರವ ಉಳಿಯುತ್ತಿತ್ತು. ಅವರು ನೀರು ಕುಡಿಸಿ, ಕೂರಿಸಿ, ಮಕ್ಕಳಿಗೆ ತಿಳಿಹೇಳುವಂತೆ ಹೇಳಿದರು. "ಮಾಸ್ತರ, ಫೋರ್‌ಮನ್ ತಪ್ಪು ಮಾಡ್ಯಾನ ಅಂತ ಬರದ್ರ ಫ್ಯಾಕ್ಟರಿ ಹೆಸರು ಹೋಗ್ತೈತಿ, ಮುಂದಿನ ಆರ್ಡರ್ ಬರಂಗಿಲ್ಲ. ಆಕಿ ಹೆಸರು ಬರದ್ರ ಯಾರಿಗೂ ಏನೂ ಆಗಂಗಿಲ್ಲ. ಆ ಸಹಿ ಥಿನ್ನರ್ ಹಚ್ಚಿ ಒರಸಿ ಬಿಡ್ರಿ. ದೇವರ ಪೀಸಿನ ವಿಷಯ ಹೊರಗ ಯಾಕ?"

ಯಾರಿಗೂ ಏನೂ ಆಗಂಗಿಲ್ಲ. ಹಣೆಗೆ ವಿಭೂತಿ, ಬಾಯಲ್ಲಿ ಈ ಮಾತು. ಅವರನ್ನು ಹೇಸಿಗೆಯಿಂದ ನೋಡಿದೆ. ಆದರೆ ನಾಲ್ಕು ದಿನದಿಂದ ನಾನು ನಡೆದುಕೊಂಡದ್ದೂ ಇದೇ ಲೆಕ್ಕಾಚಾರದ ಮೇಲೆ. ಅವರು ಬಾಯಿಬಿಟ್ಟು ಹೇಳಿದರು, ನಾನು ಬಾಯಿಮುಚ್ಚಿ ಮಾಡಿದ್ದೆ. ಅವರದೇ ಟೇಬಲ್ಲಿನ ಮೇಲಿನ ಕಾಗದ ಎಳೆದುಕೊಂಡು, ನನ್ನ ಮುರುಕು ಇಂಗ್ಲಿಷಿನಲ್ಲಿ, ಫೋರ್‌ಮನ್ ಹಳೆಯ ಡ್ರಾಯಿಂಗಿನ ಪೀಸನ್ನು ಅಳೆಯದೆ ಜಿಗ್ ಹೊಂದಿಸಿದ್ದೇ ಕಾರಣ ಎಂದು ಬರೆದು ಸಹಿ ಮಾಡಿದೆ. ಆಕೆಯ ಕೆಲಸ ಮುಂದುವರಿಯದಿದ್ದರೆ ಇದೇ ಕಾಗದವನ್ನು ನಾನೇ ಕೊಂಡಾಪುರಕ್ಕೆ ಒಯ್ದು ಕೊಡುತ್ತೇನೆ ಎಂದೂ ಹೇಳಿದೆ. ಮಾಲಕರು ಕಾಗದ ಓದಿ, "ಆಕಿ ಇರ್ಲಿ. ಇನ್ನ ಮ್ಯಾಲ ಓಕೆ ಸಹಿ ನೀವು ಮಾಡಬ್ಯಾಡ್ರಿ" ಎಂದರು.

ಹೀಗೆ ಹದಿನೈದು ವರ್ಷದ ಸಹಿ ಚಿಕ್ಕ ಮಾಲಕನ ಪಾಲಾಯಿತು. ಅವನು ಟೇಪಿನ ಇಂಚಿನ ಬದಿ ಓದಿ ಮಿಲಿಮೀಟರು ಎನ್ನುವವನು. ಇರಲಿ.

ಉಳಿದ ಪೆಟ್ಟಿಗೆಗಳನ್ನು ನಾನೂ ಸ್ಪಾಟ್ ಅಕ್ಕನೂ ಮುಂದಿನ ಐದು ದಿನಗಳಲ್ಲಿ ಮುಗಿಸಿದೆವು. ನಾನು ಹಾಳುಮಾಡಿದ ಮೂರು ಪೆಟ್ಟಿಗೆಗಳಿಗೆ ಹಿಂದಿನಿಂದ ತಾಮ್ರದ ಪಟ್ಟಿ ಒತ್ತಿ ಹಿಡಿದು ತೂತು ತುಂಬಿ ಬೆಸೆದು, ಉಜ್ಜಿ ಸಮ ಮಾಡಿದೆ. ಕಾಂಟ್ರಾಕ್ಟರನ ಎರಡು ಪೆಟ್ಟಿಗೆಗಳನ್ನು ಹೊಸದಾಗಿಯೇ ಮಾಡಿದೆವು. ಹೊಸ ಬ್ರಾಕೆಟ್ ಬೆಸೆಯುವಾಗ ಆಕೆ ಪ್ರತಿ ಹನ್ನೆರಡು ಪೆಟ್ಟಿಗೆಗೊಮ್ಮೆ ಮಷೀನು ನಿಲ್ಲಿಸಿ ಟಿಪ್ಪಿಗೆ ಅರ ಹಚ್ಚಿದರು. ಯಾರನ್ನೂ ಕೇಳಲಿಲ್ಲ, ಯಾರೂ ತಡೆಯಲಿಲ್ಲ. ಹನ್ನೊಂದನೇ ದಿನ ಇಂಜಿನಿಯರು ಮತ್ತೆ ಬಂದು ಒಂದೊಂದಕ್ಕೂ ಬ್ರೇಕರು ಹಾಕಿ ಹಿಡಿಕೆ ಎತ್ತಿದ. ಎಲ್ಲವೂ ಪಾಸಾದವು.

ಆ ಮಧ್ಯಾಹ್ನ ಆಕೆ ಮಷೀನು ಒರೆಸಿ, ಸ್ಟೂಲನ್ನು ಒಳಗೆ ಸರಿಸಿ, ನನ್ನ ಹತ್ತಿರ ಬಂದರು. "ನಾಳಿಂದ ಬರಂಗಿಲ್ರಿ ಮಾಸ್ತರ. ಬಾಲಾನಗರದಾಗ ಒಂದ್ ಕಡೆ ಕೆಲಸ ಹತ್ತೈತಿ. ಕಾರ್ಡೂ ಅಲ್ಲೇ ನಡೀತೈತಿ ಅಂದಾರ."

ನನಗೆ ಅರ್ಥವಾಗಲಿಲ್ಲ. "ಯಾಕ್ರಿ? ನಿಮ್ಮ ನೌಕರಿ ಉಳದೈತಲ್ಲ. ಮಾಲಕರು ಒಪ್ಪ್ಯಾರ. ನಾನೇ ಮುಂದ ನಿಂತು ಉಳಿಸೀನಿ." ಆಕೆಗೆ ನಾನು ಬಹುವಚನ ಹಚ್ಚಿದ್ದು ಅದೇ ಮೊದಲು. ಹೇಳುವಾಗ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

"ನೀವು ಉಳಿಸಿಲ್ರಿ. ತೆಗದಿದ್ದು ತಿರುಗಿ ಇಟ್ಟೀರಿ" ಎಂದರು. "ಬೋಲ್ಟ್ ಸರಿಸೂದು ನಾ ನೋಡಿದ್ದೆ. ನಾ ಹೇಳಿದ್ರ ಯಾರು ನಂಬತಾರ? ನೀವರ ಹೇಳ್ತೀರೇನು ಅಂತ ನಾಲ್ಕು ದಿನ ಬಾಜೂಕ ಕುಂತೆ, ಸೀಮೆಸುಣ್ಣಾನೂ ಹಚ್ಚಿದೆ. ಆ ನಾಲ್ಕು ದಿನ ಮನಿಯಾಗ ನಮ್ಮವರ ಮುಖ ನೋಡಾಕ ಆಗಲಿಲ್ಲ. ಇನ್ನೊಮ್ಮೆ ಹಿಂಗಾದ್ರ ಮತ್ತ ನಿಮ್ಮ ಬಾಯಿ ನೋಡ್ಕೋತ ಕುಂದರೂದು ನನ್ನ ಕೈಲಿ ಆಗಂಗಿಲ್ರಿ."

ಮಾತಿನಲ್ಲಿ ಬಿರುಸಿರಲಿಲ್ಲ. ಜನರನ್ನು ಕೀಳಾಗಿ ಕಾಣುವುದರಲ್ಲಿ ನಾನು ಪಳಗಿದವನು, ತಿರಸ್ಕಾರ ಹೇಗಿರುತ್ತದೆಂದು ಚೆನ್ನಾಗಿ ಬಲ್ಲೆ. ಆಕೆಯ ಕಣ್ಣಿನಲ್ಲಿ ಅದನ್ನು ಹುಡುಕಿದೆ, ಅಷ್ಟಾದರೂ ಸಿಕ್ಕಿದ್ದರೆ ಎದುರು ಮಾತಾಡಬಹುದಿತ್ತು. ಅವರು ನನ್ನನ್ನು ತೂಗಿ ನೋಡಿ, ಸಾಲದು ಎಂದು ಕಂಡು, ಮುಂದಿನ ವ್ಯವಸ್ಥೆ ಮಾಡಿಕೊಂಡಿದ್ದರು. ಟಿಫಿನ್ ಡಬ್ಬಿ ತೆಗೆದುಕೊಂಡು, ಬರ್ತೀನ್ರಿ ಎಂದು ಹೇಳಿ, ನಾಲ್ಕೂವರೆಯ ಬಸ್ಸಿಗೆ ಹೋದರು.